ಒಪ್ಪಿಸದ ಹಲಗೆ

"ಹಲಗೆ ಕೆಳಗಿಡ್ರೋ! ಮೊದಲು ಕೆಳಗಿಡಿ ಅಂದೆ!"

ಒಳಕೋಣೆಯ ಪರದೆ ಹಿಂದಿನಿಂದ ಬಂದ ಕೂಗಿಗೆ ಜಗಲಿಯ ಮೇಲಿದ್ದ ಇಬ್ಬರು ಹುಡುಗರೂ ಬೆಚ್ಚಿಬಿದ್ದರು. ಮಸೀದಿಯಿಂದ ಬಂದವರು ಅವರು. ಗೋಡೆಗೆ ಒರಗಿಸಿಟ್ಟಿದ್ದ ಮಕ್ಕಳ ಮರದ ಹಲಗೆಗಳನ್ನು ಸೌದೆ ಪೇರಿಸುವ ಹಾಗೆ ತೋಳ ಮೇಲೆ ಪೇರಿಸಿಕೊಳ್ಳುತ್ತಿದ್ದರು. ಪರದೆ ಸರಿಸಿಕೊಂಡು ಬಿ ಪಿಲಿ ಹೊರಗೆ ಬಂದಳು. ಬಿ ಎಂದರೆ ನಮ್ಮಲ್ಲಿ ಹಿರಿಯ ಹೆಂಗಸರ ಹೆಸರಿಗೆ ಸೇರಿಸುವ ಮರ್ಯಾದೆಯ ಮಾತು. ಮೊಣಕೈಯಿಂದ ನೀರು ಸೋರುತ್ತಿತ್ತು. ಊರಿನಲ್ಲಿ ಯಾವ ಹೆಂಗಸು ತೀರಿಕೊಂಡರೂ ಮೈ ತೊಳೆಯುವುದಕ್ಕೆ ಬರುವವಳು ಇವಳೇ. ಬದುಕಿರುವವರನ್ನು ಬೈಯುವ ಹಕ್ಕೂ ಆ ಕೆಲಸದ ಜೊತೆಗೇ ಬಂದಿದೆ ಎಂದು ನಂಬಿದವಳು.

"ಒಳಗೆ ಹೆಂಗಸಿನ ಮೈ ತೊಳೀತಾ ಇದೀವಿ. ಹೇಳದೆ ಕೇಳದೆ ಜಗಲಿ ಹತ್ತೋಕೆ ನಾಚಿಕೆ ಆಗಲ್ವಾ ನಿಮಗೆ?"

"ಹಾಜಿ ಕಳಿಸಿದ್ರು, ಬಿ ಪಿಲಿ. ಓದಿಸೋರು ತೀರ್ಕೊಂಡ್ರೆ ಹಲಗೆ ಮಸೀದಿಗೆ ತರಬೇಕಂತಲ್ಲ? ಅಲ್ಲಿ ಕೊಳದ ನೀರಲ್ಲಿ ತೊಳೀತಾರಂತೆ."

ಹುಡುಗ ಹೇಳಿದ್ದು ಸುಳ್ಳಲ್ಲ. ಕಡಲತೀರದ ನಮ್ಮ ಕಿವಾಂಬಾ ಊರಿನಲ್ಲಿ ಹಿಂದಿನಿಂದ ನಡೆದುಬಂದ ಪದ್ಧತಿ ಅದು. ಮಕ್ಕಳಿಗೆ ಅರಬ್ಬಿ ಓದಿಸುವವರು ಸತ್ತರೆ, ಅವರು ಕೊನೆಯದಾಗಿ ಬರೆದುಕೊಟ್ಟ ಪಾಠವನ್ನು ಹಲಗೆಯಿಂದ ಯಾರು ತೊಳೆಯುತ್ತಾರೋ, ತೊಳೆಸುತ್ತಾರೋ, ಅಂದಿನಿಂದ ಮಕ್ಕಳು ಅವರವು. ಕಾಗದವಿಲ್ಲ, ಸಹಿಯಿಲ್ಲ, ನೀರು ಸುರಿದರೆ ಮುಗಿಯಿತು. ಈ ಜಗಲಿಯಲ್ಲಿ ಓದಿಸುತ್ತಿದ್ದ ಬಿ ತೌಸಿ ಬೆಳಗಿನ ಜಾವ ಕಣ್ಣು ಮುಚ್ಚಿದ್ದಳು. ಬಿಸಿಲು ತೆಂಗಿನ ತಲೆಗೆ ಬರುವಷ್ಟರಲ್ಲಿ ಮಸೀದಿ ಕಮಿಟಿಯ ಅಧ್ಯಕ್ಷ ಹಾಜಿ ನಸೋರ್ ಹಲಗೆಗೆ ಆಳು ಕಳಿಸಿಬಿಟ್ಟಿದ್ದರು. ಇನ್ನೂ ಹೆಣಕ್ಕೆ ಹೊದಿಸುವ ಕಫನ್ ಬಟ್ಟೆ ಕತ್ತರಿಸಿರಲಿಲ್ಲ!

ಜಗಲಿಯ ಮೂಲೆಯಲ್ಲಿ ನೀರಿನ ಬಕೆಟ್ ಹಿಡಿದು ನಿಂತಿದ್ದ ಚೌಸಿಕು ಏನೋ ಹೇಳಿದಳು. ಯಾರಿಗೂ ಕೇಳಿಸಲಿಲ್ಲ. ಅವಳ ದನಿಯೇ ಹಾಗೆ. ದೋಣಿಕಟ್ಟೆಯಲ್ಲಿ ಕರಿದ ಮರಗೆಣಸು ಮಾರುತ್ತಾಳೆ, ಬೇರೆಯವರು ಕೂಗಿ ಕರೆದು ಮಾರಿದರೆ ಇವಳು ತಟ್ಟೆ ಮುಂದೆ ಹಿಡಿದು ಸುಮ್ಮನೆ ನಿಂತಿರುತ್ತಾಳೆ. ಮಧ್ಯಾಹ್ನದ ಮೇಲೆ ಬಂದು ಬಿ ತೌಸಿಯ ಹತ್ತಿರ ಓದುವ ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾಳೆ.

"ಏನಂದೆ? ಬಾಯಿ ಬಿಟ್ಟು ಹೇಳೇ," ಎಂದಳು ಬಿ ಪಿಲಿ.

"ಮಕ್ಕಳಿನ್ನೂ ಪಾಠ ಒಪ್ಪಿಸಿಲ್ಲ."

ಬಿ ಪಿಲಿಯ ಮುಖ ಅರಳಿತು. ಹೆಣದ ಮನೆಯಲ್ಲಿ ಹಾಗೆ ಮುಖ ಅರಳಬಾರದು, ಆದರೂ ಅರಳಿತು. ಹುಡುಗರ ಕಡೆ ತಿರುಗಿದಳು. "ಕೇಳಿಸ್ತಾ? ಪಾಠ ಒಪ್ಪಿಸದ ಹಲಗೆಗೆ ನೀರು ಮುಟ್ಟಿಸೋ ಹಾಗಿಲ್ಲ. ನಿಮ್ಮ ಹಾಜಿಗೆ ಹೋಗಿ ಹೇಳಿ. ಇದು ಪದ್ಧತಿ ಅಲ್ವಾ ಅಂತ ನಾನು ಕೇಳಿದೆ ಅಂತಾನೂ ಹೇಳಿ."

ಅದೂ ಸುಳ್ಳಲ್ಲ. ಅರಬ್ಬಿ ಓದುವ ಮಗುವಿನ ಹಲಗೆಯ ಮೇಲರ್ಧದಲ್ಲಿ ಓದಿಸುವವರು ಮಸಿಯಲ್ಲಿ ಬರೆದುಕೊಡುತ್ತಾರೆ, ಕೆಳಗೆ ಮಗು ನೋಡಿ ಬರೆಯುತ್ತದೆ, ಬಾಯಿಪಾಠ ಮಾಡುತ್ತದೆ, ಹಲಗೆ ಕಡೆ ನೋಡದೆ ಒಪ್ಪಿಸುತ್ತದೆ. ಸರಿ ಎಂದರೆ ಮಾತ್ರ ತೊಳೆಯಬಹುದು. ತೊಳೆದ ನೀರನ್ನು ಯಾರೂ ತುಳಿಯದ ಹಾಗೆ ಹಿತ್ತಲಿನ ನಿಂಬೆಗಿಡದ ಬುಡಕ್ಕೆ ಹಾಕಬೇಕು. ನಮ್ಮೂರಿನಲ್ಲಿ ನಡೆಯಲು ಕಲಿತ ಮಗುವಿಗೆಲ್ಲ ಇದು ಗೊತ್ತು.

ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಲಗೆಗಳನ್ನು ಕೆಳಗಿಟ್ಟರು.

"ಈಗೇನು ಮಾಡೋದು?" ಚೌಸಿಕು ಕೇಳಿದಳು.

"ನನ್ನನ್ನ ಕೇಳಿದ್ರೆ? ನನಗೆ ಹೆಣದ ಕೆಲಸ ಇದೆ. ನೀನು ಬದುಕಿರೋರ ಕೆಲಸ ನೋಡು."

ಪರದೆ ಬಿತ್ತು. ಬೀದಿಯಾಚೆ ಬೇವಿನ ಮರದ ಕೆಳಗೆ ಮಕ್ಕಳೆಲ್ಲ ಗುಂಪಾಗಿ ನಿಂತಿದ್ದವು. ಅಂದು ಯಾರೂ ಸರ್ಕಾರಿ ಶಾಲೆಗೆ ಹೋಗಿರಲಿಲ್ಲ. ಹಿಂದಿನ ಸಂಜೆ ಬಿ ತೌಸಿ ಹಗ್ಗದ ಮಂಚದ ಮೇಲೆ ದಿಂಬಿಗೆ ಒರಗಿ ಕೂತು ಒಂದೊಂದೇ ಹಲಗೆ ತರಿಸಿಕೊಂಡು ಎಲ್ಲರಿಗೂ ಪಾಠ ಬರೆದುಕೊಟ್ಟಿದ್ದಳು. ಸಾಲುಗಳು ಎಡಕ್ಕೆ ಇಳಿಜಾರಾಗಿದ್ದವು. ಆದರೂ ಒಂದು ಚುಕ್ಕೆಯೂ ತಪ್ಪಿರಲಿಲ್ಲ.

ಚೌಸಿಕು ಬಕೆಟ್ ಕೆಳಗಿಟ್ಟು, ಕೈಕಾಲು ತೊಳೆದು, ಚಾಪೆ ಬಿಡಿಸಿ ಹಾಸಿದಳು. ಮಕ್ಕಳ ಕಡೆ ಕೈ ಮಾಡಿ ಕರೆದಳು.

*

ಆ ಜಗಲಿಯ ಮೇಲೆ ಮೊದಲ ಚಾಪೆ ಹಾಸಿದಾಗ ಬಿ ತೌಸಿಗೆ ಇಪ್ಪತ್ತು ದಾಟಿರಲಿಲ್ಲ. ಮದುವೆಯಾದ ವರ್ಷವೇ ಗಂಡ ಸಮುದ್ರಪಾಲಾದ. ಅವಳಿಗೆ ಅರಬ್ಬಿ ಕಲಿಸಿದವಳು ಕೊಮೊರೊ ದ್ವೀಪದಿಂದ ಬಂದು ಇಲ್ಲೇ ನೆಲೆಸಿದ್ದ ಒಬ್ಬ ಮುದುಕಿ. ಆ ಮುದುಕಿ ಸತ್ತಾಗ ಹಲಗೆ ತೊಳೆಯುವುದಕ್ಕೆ ಬೇರೆ ಯಾರೂ ಬರಲಿಲ್ಲ, ತೌಸಿ ತೊಳೆದಳು.

ಊರು ಗೊಣಗಿತು. ಅವಳ ತಾತ ನದಿಯಾಚೆಯ ಕಬ್ಬಿನ ತೋಟದಲ್ಲಿ ಗುಲಾಮ. ಅಂಥವನ ಮೊಮ್ಮಗಳು ಅರಬ್ಬಿ ಓದಿಸುವುದೇ! ಆದರೆ ಮೀನುಗಾರರ ಮಕ್ಕಳಿಗೆ ಬೇರೆ ಯಾರು ಓದಿಸುತ್ತಿದ್ದರು? ಮಕ್ಕಳು ಬಂದರು. ಹೆಣ್ಣುಮಕ್ಕಳೂ ಬಂದರು. ಅವಳು ಎಲ್ಲರನ್ನೂ ಒಂದೇ ಚಾಪೆಯ ಮೇಲೆ ಮಸೀದಿಯ ಬೀದಿಗೆ ಮುಖ ಮಾಡಿ ಕೂರಿಸಿದಳು.

ತೆಂಗಿನಕಾಯಿ ವ್ಯಾಪಾರಿಯ ಮಗ ನಸೋರನೂ ಕೆಲವು ತಿಂಗಳು ಅಲ್ಲಿ ಕೂತಿದ್ದ. ಮನೆ ಹತ್ತಿರ ಎಂದು ಅವನ ತಾಯಿ ಕಳಿಸಿದ್ದಳು. ದುಂಡು ಮುಖದ, ಬೇಗ ಅಳುವ, ಒಳ್ಳೆಯ ನೆನಪಿನ ಹುಡುಗ. ಒಂದು ಸಂಜೆ ಅವನು ಪಾಠ ಒಪ್ಪಿಸುವುದಕ್ಕೆ ಎದ್ದು ನಿಂತ. ಸಣ್ಣ ಪಾಠ, ಈಗ ಊರಿನ ಯಾವ ಮಗುವನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುವಂಥದ್ದು.

"ಕೇಳಿಸಲಿಲ್ಲ," ಎಂದಳು ತೌಸಿ.

ಅವನು ಮತ್ತೆ ಶುರು ಮಾಡಿದ.

"ಕೇಳಿಸಲಿಲ್ಲ ನಸೋರ್. ನನಗೆ ಕೇಳಿಸಿದರೆ ಸಾಲದು, ಬೀದಿಗೆ ಕೇಳಬೇಕು."

ಮೂರನೆಯ ಸಲ ಅವನು ಬಾಯಿ ತೆರೆದಾಗ ಬೀದಿಗೆ ಕೇಳಿಯೇ ಬಿಟ್ಟಿತು. ಬೀದಿಯಲ್ಲಿ ಅವನ ಅಪ್ಪ ಬರುತ್ತಿದ್ದ. ತನ್ನ ಮಗ ಕೈಕಟ್ಟಿಕೊಂಡು ನಿಂತಿರುವುದು ಯಾರ ಮುಂದೆ ಎಂದು ನೋಡಿದವನೇ ಜಗಲಿ ಹತ್ತಿ ಹುಡುಗನ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಹಲಗೆ ಅಲ್ಲೇ ಬಿತ್ತು. ಮಾರನೆಯ ದಿನ ಹಲಗೆ ಕೇಳಿಕೊಂಡು ಆ ಮನೆಯ ಆಳು ಬಂದ.

"ಕೊಡ್ತೀನಿ. ಅವನು ಬಂದು ಪಾಠ ಒಪ್ಪಿಸಿ ತಗೊಂಡು ಹೋಗಲಿ," ಎಂದಳು ತೌಸಿ.

ಅವನು ಬರಲಿಲ್ಲ. ಆ ಹಲಗೆಯನ್ನು ಅವಳು ಒಳಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದಳು. ಮುಂದೆ ಅದೇ ಒಂದು ರೂಢಿಯಾಯಿತು. ಒಪ್ಪಿಸದೆ ಬಿಟ್ಟುಹೋದ ಮಕ್ಕಳ ಹಲಗೆಗಳೆಲ್ಲ ಗೋಡೆ ಸೇರಿದವು. ಕೆಲವರು ವರ್ಷಗಟ್ಟಲೆ ಬಿಟ್ಟು ಬಂದು ನಗುತ್ತ ಒಪ್ಪಿಸಿ ತೊಳೆದುಕೊಂಡು ಹೋದರು. ನಸೋರನ ಹಲಗೆ ಮಾತ್ರ ಹಾಗೇ ಉಳಿಯಿತು. ಅವನು ದೊಡ್ಡವನಾದ, ತಂಗಾ ಪೇಟೆಯಲ್ಲಿ ವ್ಯಾಪಾರ ಮಾಡಿದ, ಮಕ್ಕಾಗೆ ಹೋಗಿ ಬಂದು ಹಾಜಿಯಾದ, ಮಸೀದಿ ಪಕ್ಕದಲ್ಲಿ ಮದರಸಾ ಕಟ್ಟಿಸಿದ. ಬೀದಿಯಲ್ಲಿ ಸಿಕ್ಕಾಗಲೆಲ್ಲ ಬಿ ತೌಸಿಗೆ ಮೊದಲು ಸಲಾಂ ಹೇಳುತ್ತಿದ್ದ. ಅವಳು ವಾಲೈಕುಂ ಸಲಾಂ ಹೇಳಿ, "ನಿನ್ನ ಹಲಗೆ ಇದೆ," ಎನ್ನುತ್ತಿದ್ದಳು. ಪ್ರತಿ ಸಲ!

*

ಮಧ್ಯಾಹ್ನದ ಹೊತ್ತಿಗೆ ಹಾಜಿ ನಸೋರ್ ತಾವೇ ಬಂದರು. ಬೆಳ್ಳಗಿನ ನಿಲುವಂಗಿ, ಕಸೂತಿ ಟೋಪಿ, ಕೈಯಲ್ಲಿ ತಸ್ಬಿಯ ಜಪಮಾಲೆ. ಹಿಂದೆ ನಾಲ್ಕು ಜನ. ಜಗಲಿಯ ಮೆಟ್ಟಿಲ ಹತ್ತಿರ ನಿಂತುಬಿಟ್ಟರು.

ಚಾಪೆಯ ಮೇಲೆ ಚೌಸಿಕು ಕೂತಿದ್ದಳು. ಅವಳ ಮುಂದೆ ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗ ಕಣ್ಣು ಮುಚ್ಚಿಕೊಂಡು ಪಾಠ ಹೇಳುತ್ತಿದ್ದ. ಒಪ್ಪಿಸಿ ಮುಗಿಸಿದವರು ಹಿತ್ತಲಲ್ಲಿ ನಿಂಬೆಗಿಡದ ಬಳಿ ಹಲಗೆ ತೊಳೆಯುತ್ತಿದ್ದರು. ತೊಳೆಯುತ್ತ ಅಳುವವರೂ ಇದ್ದರು. ಬಿ ತೌಸಿಯ ಕೈಬರಹ ಹೋಗುತ್ತದಲ್ಲ ಎಂದು ಹಿದಾಯಾ ಎಂಬ ಹುಡುಗಿ ತನ್ನ ಹಲಗೆಯನ್ನು ಎದೆಗೆ ಅವುಚಿಕೊಂಡು, ತನ್ನ ಸರದಿ ಕೊನೆಗೆ ಬರಲಿ ಎಂದು ಎಲ್ಲರನ್ನೂ ಮುಂದೆ ಬಿಡುತ್ತಿದ್ದಳು.

ಪಾಠ ಒಪ್ಪಿಸುವಾಗ ನಡುವೆ ಬಾಯಿ ಹಾಕಬಾರದು. ಹಾಜಿಗೆ ಅದನ್ನು ಕಲಿಸಿದ್ದೂ ಇದೇ ಜಗಲಿ. ಬಿಸಿಲಲ್ಲೇ ನಿಂತು ಕಾದರು. ಹಲ್ಲು ಬಿದ್ದ ಹುಡುಗ ನಡುವೆ ಮರೆತ, ತಲೆ ಕೆರೆದುಕೊಂಡ, ಮೊದಲಿನಿಂದ ಶುರು ಮಾಡಿದ. ಹಾಜಿಯ ಹಿಂದಿದ್ದವರಲ್ಲಿ ಒಬ್ಬ ನಗು ತಡೆದುಕೊಂಡ.

"ಇದೇನಮ್ಮ ಚೌಸಿಕು?" ಹುಡುಗ ಎದ್ದ ಮೇಲೆ ಹಾಜಿ ಕೇಳಿದರು.

ಚೌಸಿಕು ಹೇಳಿದಳು.

"ಏನು?"

"ಪಾಠ ಒಪ್ಪಿಸಿಕೊಳ್ತಾ ಇದೀನಿ ಅಂತಿದಾಳೆ," ಪರದೆಯ ಹಿಂದಿನಿಂದ ಬಿ ಪಿಲಿಯ ದನಿ ಬಂತು.

"ಒಳಗೆ ಹೆಣ ಇಟ್ಕೊಂಡಾ?"

"ಹೆಣಕ್ಕೇನೂ ತೊಂದರೆ ಇಲ್ಲ ಹಾಜಿ. ಅದಕ್ಕೆ ಈ ಗಲಾಟೆ ಅಭ್ಯಾಸ."

ಹಾಜಿ ಮೆಟ್ಟಿಲ ಮೇಲೆ ಕೂತರು. ಅವರು ಕೆಟ್ಟವರಲ್ಲ, ಅದನ್ನು ಹೇಳಿಬಿಡಬೇಕು. ಊರಿನ ಎಷ್ಟೋ ಮನೆಗಳಲ್ಲಿ ಹೆಣ ಎತ್ತುವ ಜನಾಜಾ ಖರ್ಚು ಅವರದೇ. ಕೆಟ್ಟವರಾಗಿದ್ದರೆ ಬೈದು ಅಟ್ಟಬಹುದಿತ್ತು. ಒಳ್ಳೆಯವರ ಹತ್ತಿರವೇ ಕಷ್ಟ.

"ನಾನೇನು ನಿಮ್ಮ ಶತ್ರುನಾ?" ಎಂದರು. "ಮದರಸಾದಲ್ಲಿ ಬೆಂಚಿದೆ, ಫ್ಯಾನಿದೆ, ಕರಿಹಲಗೆ ಇದೆ. ಮಕ್ಕಳು ಇನ್ನೂ ಮಸಿ ಕಲಸಿಕೊಂಡು ನೆಲದ ಮೇಲೆ ಕೂರಬೇಕಾ? ಬಿ ತೌಸಿ ಇರೋತನಕ ನಾವ್ಯಾರೂ ಮಾತಾಡಲಿಲ್ಲ. ದೊಡ್ಡವರು ಅಂತ ಗೌರವ ಕೊಟ್ವಿ. ಈಗ ಮಕ್ಕಳು ಮದರಸಾಗೆ ಬರಲಿ."

"ನಾವೂ ಬರಬೋದಾ ಹಾಜಿ?" ಹಿದಾಯಾ ಕೇಳಿದಳು.

ಹಾಜಿ ಅವಳ ಕಡೆ ನೋಡಿ ನಕ್ಕರು. "ಹುಡುಗಿಯರಿಗೆ ಬೇರೆ ಕೋಣೆ ಆಗಬೇಕಲ್ಲ ಮಗಳೇ. ಕಟ್ಟಿಸ್ತೀವಿ, ಇನ್ಶಾಅಲ್ಲಾ. ಅಲ್ಲೀತನಕ ಮನೇಲಿ ಅಮ್ಮನ ಹತ್ರ ಓದ್ಕೊ."

"ಅಮ್ಮಂಗೆ ಬರಲ್ಲ."

"ಆ ಕೋಣೇನ ನನ್ನ ಮೊಮ್ಮಗಳು ಹುಟ್ಟೋಕೆ ಮುಂಚಿನಿಂದ ಕಟ್ಟಿಸ್ತಾ ಇದೀರಿ," ಎಂದಳು ಬಿ ಪಿಲಿ ಹೊರಗೆ ಬಂದು. ಕೈ ಒರೆಸಿಕೊಳ್ಳುತ್ತಿದ್ದಳು, ಕಫನ್ ಹೊದಿಸಿ ಆಗಿತ್ತು. "ಅವಳಿಗೀಗ ಮದುವೆ ಆಗಿ ಮಗೂನೂ ಆಗಿದೆ. ಅಡಿಪಾಯ ಎಲ್ಲಿ ತೋಡಿದೀರಿ ತೋರ್ಸಿ, ನಾನು ಹೋಗಿ ನೋಡ್ಕೊಂಡು ಬರ್ತೀನಿ."

ಹಾಜಿ ಬೇವಿನ ಮರದ ಕೆಳಗೆ ಬಿದಿರಿನ ಜನಾಜಾ ಮಂಚ ಬಿಗಿಯುತ್ತಿದ್ದ ಶೊಮಾರಿಯನ್ನು ಕರೆದರು. ಶೊಮಾರಿ ಬಿ ತೌಸಿಯ ಅಣ್ಣನ ಮಗ, ದೋಣಿ ಮಾಡುವ ಬಡಗಿ. ಈಗಿನ ಮಕ್ಕಳ ಹಲಗೆಗಳೆಲ್ಲ ಅವನು ದೋಣಿಯ ಮರದ ಚೂರಿನಲ್ಲಿ ಮಾಡಿಕೊಟ್ಟವೇ. ಯಾರೊಂದಿಗೂ ಜಗಳವಾಡದ ಮನುಷ್ಯ. ಬಿರುಗಾಳಿಯಲ್ಲಿ ದೋಣಿ ನಡೆಸುತ್ತಾನೆ, ಕಮಿಟಿಯವರನ್ನು ಕಂಡರೆ ಕಾಲು ನೋಡಿಕೊಳ್ಳುತ್ತಾನೆ. ನಮ್ಮೂರಿನ ಗಂಡಸರ ಧೈರ್ಯವೆಲ್ಲ ಸಮುದ್ರದ ಮೇಲೇ.

"ಶೊಮಾರಿ, ಈಗ ಮನೆ ನಿನ್ನದು. ನೀನೊಂದು ಮಾತು ಹೇಳು, ಮುಗೀತು."

ಶೊಮಾರಿ ತನ್ನ ಕಾಲ ಹೆಬ್ಬೆರಳನ್ನು ನೋಡಿದ. ಕೈಯಲ್ಲಿದ್ದ ತೆಂಗಿನ ಹಗ್ಗವನ್ನು ಸುತ್ತಿದ, ಬಿಚ್ಚಿದ.

"ಮನೆ ನಂದೇ ಹಾಜಿ," ಎಂದ. "ಜಗಲಿ ಅತ್ತೆದು."

ಇಷ್ಟು ಹೇಳಿ ಓಡುವವನ ಹಾಗೆ ಬೇವಿನ ಮರದ ಕೆಳಗೆ ಹೋಗಿಬಿಟ್ಟ. ಹಾಜಿಯ ಮುಖ ಕೆಂಪಗಾಯಿತು. ಎದ್ದು ನಿಂತು ಚೌಸಿಕುವಿನ ಕಡೆ ತಿರುಗಿದರು.

"ಸರಿ. ನಾನು ನಿನ್ನನ್ನೇ ಕೇಳ್ತೀನಿ. ಪಾಠ ಒಪ್ಪಿಸಿಕೊಳ್ಳೋಕೆ ನೀನ್ಯಾರು? ಯಾರು ಅಪ್ಪಣೆ ಕೊಟ್ಟರು ನಿನಗೆ? ಗಂಡ ಬಿಟ್ಟು ಬಂದು ಗೆಣಸು ಮಾರ್ತೀಯಾ, ಮಾರು, ನಾವು ಬೇಡ ಅನ್ನಲ್ಲ. ಆದ್ರೆ ಅರಬ್ಬಿ ಅನ್ನೋದು ಬಾಯಿಂದ ಕಿವಿಗೆ ಹೋಗೋ ವಿದ್ಯೆ. ಎದುರಿಗೆ ನಿಂತ ನನಗೇ ನಿನ್ನ ಮಾತು ಕೇಳಿಸಲ್ಲ. ಮಕ್ಕಳಿಗೆ ಏನು ಕೇಳಿಸುತ್ತೆ?"

ಚೌಸಿಕು ತುಟಿ ತೆರೆದಳು, ಮುಚ್ಚಿದಳು.

"ಸಂಜೆ ಅಸರ್ ನಮಾಜಾದ ಮೇಲೆ ಮಣ್ಣು ಮಾಡ್ತೀವಿ. ಅಲ್ಲೇ ಎಲ್ಲರೆದುರಿಗೆ ಹೇಳಿಬಿಡ್ತೀನಿ," ಎಂದರು ಹಾಜಿ. "ಶನಿವಾರದಿಂದ ಮದರಸಾ. ಈ ಜಗಲಿ ಇವತ್ತಿಗೆ ಮುಗೀತು."

ಅವರು ಬೀದಿಗೆ ಇಳಿದು ಹೋದರು. ಚೌಸಿಕು ಎದ್ದು ಒಳಕೋಣೆಗೆ ಹೋದಳು. ಬಿ ತೌಸಿ ಮಂಚದ ಮೇಲೆ ಬಿಳಿ ಬಟ್ಟೆಯೊಳಗೆ ಮಲಗಿದ್ದಳು. ಕೊನೆಯ ದರ್ಶನಕ್ಕೆಂದು ಮುಖ ಮಾತ್ರ ಬಿಟ್ಟಿದ್ದರು. ತಲೆಯ ಮೇಲಿನ ಗೋಡೆಯಲ್ಲಿ ನಸೋರನ ಹಲಗೆ. ಅದರ ಪಕ್ಕದಲ್ಲಿ ಒಂದು ಬರಿಯ ಮೊಳೆ. ಅಲ್ಲಿ ಒಂದು ಕಾಲಕ್ಕೆ ಚೌಸಿಕುವಿನ ಹಲಗೆ ನೇತಾಡುತ್ತಿತ್ತು.

*

ಚೌಸಿಕುವನ್ನು ಹದಿಮೂರಕ್ಕೇ ಮದುವೆ ಮಾಡಿ ನದಿಯ ಮೇಲ್ದಂಡೆಯ ಊರಿಗೆ ಕಳಿಸಿದ್ದರು. ಪಾಠ ಅರ್ಧ ಆಗಿತ್ತು. ಗಂಡ ಜೋರು ದನಿ ಸಹಿಸದವನು. ಅವನದಲ್ಲ, ಅವಳದು. ಉತ್ತರ ಕೊಟ್ಟರೆ ಏಟು, ನಕ್ಕರೆ ಏಟು. ವರ್ಷಗಟ್ಟಲೆ ಪಿಸುಗುಟ್ಟಿ ಪಿಸುಗುಟ್ಟಿ ಗಂಟಲೇ ಅದಕ್ಕೆ ಒಗ್ಗಿಹೋಯಿತು. ಮೂವತ್ತರ ಹತ್ತಿರ ಒಂದು ದಿನ ಅವನು ತಲಾಖ್ ಹೇಳಿದ. ಅವಳು ಒಂದು ಗಂಟು ಬಟ್ಟೆ ಹಿಡಿದು ದೋಣಿ ಇಳಿದು ಊರೊಳಗೆ ನಡೆದು ಬಂದಳು.

ಜಗಲಿಯಿಂದ ಬಿ ತೌಸಿ ಅವಳನ್ನು ನೋಡಿದಳು. ಅಯ್ಯೋ ಪಾಪ ಎನ್ನಲಿಲ್ಲ. ಏನಾಯಿತು ಎಂದೂ ಕೇಳಲಿಲ್ಲ. ಒಳಗೆ ಹೋಗಿ ಗೋಡೆಯಿಂದ ಹಲಗೆ ಇಳಿಸಿಕೊಂಡು ಬಂದಳು.

"ಬಾ. ನಿನ್ನ ಪಾಠ ಬಾಕಿ ಇದೆ."

"ಈಗಾ? ಈ ಮಕ್ಕಳ ಜೊತೆ ಕೂತಾ?"

"ಮತ್ತೆ? ಮೊಣಕಾಲು ದೊಡ್ಡದಾಗಿದೆ, ಅಷ್ಟೇ. ಮಡಚಿಕೊಂಡು ಕೂತ್ಕೊ."

ಏಳೆಂಟು ವರ್ಷದ ಮಕ್ಕಳ ನಡುವೆ ಅವಳು ಮೊಣಕಾಲು ಮಡಚಿಕೊಂಡು ಕೂತಳು. ಮಸೀದಿಗೆ ಹೋಗುವವರು ನಿಂತು ನೋಡಿ ನಕ್ಕರು. ಆ ಕಾಲದಲ್ಲೇ ಕಮಿಟಿಯಿಂದ ಇಬ್ಬರು ಬಂದು, ಹುಡುಗಿಯರ ದನಿ ನಮಾಜಿಗೆ ಹೋಗುವವರ ಕಿವಿಗೆ ಬೀಳುತ್ತದೆ, ಚಾಪೆಯನ್ನು ಹಿತ್ತಲಿಗೆ ಹಾಸಿಕೊಳ್ಳಿ ಎಂದು ಹೇಳಿದ್ದರು. "ಬೀಳಲಿ ಅಂತಾನೇ ಈ ಕಡೆ ಮುಖ ಮಾಡಿ ಕೂರಿಸಿದೀನಿ," ಎಂದು ಬಿ ತೌಸಿ ಅವರಿಗೆ ಕಾಫಿ ಕೊಟ್ಟು ಕಳಿಸಿದ್ದಳು.

ಪಾಠ ಚೌಸಿಕುವಿಗೆ ನೆನಪಿತ್ತು. ಹೊರಗೆ ಬರುತ್ತಿರಲಿಲ್ಲ. ದಿನಾ ಎದ್ದು ನಿಲ್ಲುವಳು, ತುಟಿ ಆಡಿಸುವಳು.

"ಕೇಳಿಸಲಿಲ್ಲ. ಬೀದಿಗೆ ಕೇಳಬೇಕು."

ಮಾರನೆಯ ದಿನ ಮತ್ತೆ ಅದೇ. ಮಳೆಗಾಲ ಮುಗಿದು ಗಾಳಿ ದಿಕ್ಕು ಬದಲಾಯಿತು, ಆಗಲೂ ಅದೇ. ಒಂದು ಸಂಜೆ ಚೌಸಿಕುವಿಗೆ ರೇಗಿಹೋಯಿತು. ಗಂಡನ ಮೇಲೆ, ನಗುವವರ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಎದುರಿಗೆ ಕೂತು ಕಿವಿಗೆ ಕೈ ಇಟ್ಟುಕೊಂಡಿದ್ದ ಈ ಮುದುಕಿಯ ಮೇಲೆ. ಕಣ್ಣು ಮುಚ್ಚಿ ಒದರಿಬಿಟ್ಟಳು. ಮೊದಲಿನಿಂದ ಕೊನೆಯವರೆಗೆ, ಒಂದೇ ಉಸಿರಿಗೆ. ಕಣ್ಣು ಬಿಟ್ಟಾಗ ಬೀದಿಯಲ್ಲಿ ತೆಂಗಿನಕಾಯಿ ಗಾಡಿಯವನು ಗಾಡಿ ನಿಲ್ಲಿಸಿ ನೋಡುತ್ತಿದ್ದ.

"ಹೋಗು, ತೊಳ್ಕೊ," ಎಂದಳು ಬಿ ತೌಸಿ. ಅವಳ ಕಣ್ಣು ತುಂಬಿತ್ತು. "ನಾಳೆಯಿಂದ ಆ ಚಿಕ್ಕವರ ಪಾಠ ನೀನು ಒಪ್ಪಿಸಿಕೊ."

ದನಿ ಮರುದಿನ ಮತ್ತೆ ಒಳಗೆ ಸೇರಿಕೊಂಡಿತು. ಆದರೆ ಅದು ಇದೆ ಎಂಬುದು ಅವಳಿಗೆ ಗೊತ್ತಾಗಿತ್ತು.

*

ಅಸರ್ ಹೊತ್ತಿಗೆ ಜನಾಜಾ ಎದ್ದಿತು. ಹೆಂಗಸರು ಒಬ್ಬೊಬ್ಬರೇ ಬಂದು ಬಿ ತೌಸಿಯ ಮುಖ ನೋಡಿ, ತಪ್ಪಿದ್ದರೆ ಮಾಫ್ ಮಾಡು ಎಂದು ಹೇಳಿದರು. ಗಂಡಸರು ಹೆಗಲು ಕೊಟ್ಟರು. ಹೆಂಗಸರು ಸ್ಮಶಾನಕ್ಕೆ ಹೋಗುವ ರೂಢಿಯಿಲ್ಲ. ಬೀದಿಯ ತಿರುವಿನವರೆಗೆ ನೋಡಿ ಒಳಗೆ ಬಂದರು. ಹಗ್ಗದ ಮಂಚವನ್ನು ಯಾರೋ ಗೋಡೆಗೆ ಎತ್ತಿ ನಿಲ್ಲಿಸಿದ್ದರು. ಕೋಣೆ ಇದ್ದಕ್ಕಿದ್ದ ಹಾಗೆ ದೊಡ್ಡದಾಗಿ ಕಾಣುತ್ತಿತ್ತು. ಆಗ ಚೌಸಿಕು ಅತ್ತಳು. ಅಳುವಾಗಲೂ ದನಿ ಬರಲಿಲ್ಲ.

ಹಿದಾಯಾ ತನ್ನ ಹಲಗೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ನಿಂತಳು. ಅವಳೊಬ್ಬಳದೇ ಬಾಕಿ. ಅತ್ತುಕೊಂಡೇ ಒಪ್ಪಿಸಿದಳು. ಚೌಸಿಕು ಅತ್ತುಕೊಂಡೇ ಕೇಳಿದಳು. ಆಮೇಲೆ ಇಬ್ಬರೂ ಹಿತ್ತಲಿಗೆ ಹೋದರು. ಬಿ ತೌಸಿಯ ಕೊನೆಯ ಸಾಲು ಕಪ್ಪು ನೀರಾಗಿ ನಿಂಬೆಗಿಡದ ಬುಡಕ್ಕೆ ಇಳಿಯಿತು.

ಮಣ್ಣು ಮಾಡಿ ಶೊಮಾರಿ ಹಿಂದಿರುಗಿದಾಗ ನೆರೆಯವರು ತಂದ ತೊಗರಿಕಾಳಿನ ಸಾರು, ರೊಟ್ಟಿಯನ್ನು ಹೆಂಗಸರು ಹಂಚುತ್ತಿದ್ದರು.

"ತಲ್ಕೀನ್ ಯಾರು ಹೇಳಿದ್ರು?" ಬಿ ಪಿಲಿ ಕೇಳಿದಳು. ಮಣ್ಣು ಮುಚ್ಚಿದ ಮೇಲೆ ಗೋರಿಯ ತಲೆಯ ಕಡೆ ಒಬ್ಬರು ಕೂತು, ದೇವದೂತರು ಬಂದು ಕೇಳುವ ಪ್ರಶ್ನೆಗೆ ಉತ್ತರ ಇದು, ಹೀಗೆ ಹೇಳು ಎಂದು ಸತ್ತವರಿಗೆ ಅರಬ್ಬಿಯಲ್ಲಿ ಹೇಳಿಕೊಡುತ್ತಾರೆ. ಅದು ತಲ್ಕೀನ್.

"ಹಾಜಿನೇ."

"ಯಾರು, ನಸೋರಾ? ನಮ್ಮ ತೌಸಿಗೆ ಅರಬ್ಬಿ ಪಾಠ ಹೇಳಿಕೊಟ್ನಾ ಅವನು?" ಬಿ ಪಿಲಿ ಎದೆ ಮೇಲೆ ಕೈ ಇಟ್ಟುಕೊಂಡಳು. "ಒಳಗಿಂದಾನೇ ಕೇಳಿಸಲಿಲ್ಲ ಅಂದಿರ್ತಾಳೆ ನೋಡು!"

ಕಣ್ಣು ಒರೆಸಿಕೊಳ್ಳುತ್ತಿದ್ದ ಹೆಂಗಸರೆಲ್ಲ ನಕ್ಕುಬಿಟ್ಟರು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ಶೊಮಾರಿ ನಗಲಿಲ್ಲ.

"ಅವರು ಕಣ್ಣು ಒರೆಸಿಕೊಂಡ್ರು, ಬಿ ಪಿಲಿ. ನಡುವೆ ನಿಲ್ಲಿಸಿದ್ರು. ಆದರೂ ಆಮೇಲೆ ಹೇಳೋದು ಹೇಳಿದ್ರು. ಶನಿವಾರದಿಂದ ಗಂಡುಮಕ್ಕಳೆಲ್ಲ ಮದರಸಾಗೆ. ಹೆಣ್ಣುಮಕ್ಕಳು ಕೋಣೆ ಆಗೋತನಕ ಮನೇಲಿ. ಯಾರೂ ಎದುರು ಮಾತಾಡಲಿಲ್ಲ." ಕಾಲ ಹೆಬ್ಬೆರಳು ನೋಡುತ್ತ ಸೇರಿಸಿದ, "ನಾನೂ ಮಾತಾಡಲಿಲ್ಲ."

ಚೌಸಿಕು ಎದ್ದು ಹೊರಗೆ ಹೋಗಿ ಚಾಪೆ ಹಾಸತೊಡಗಿದಳು.

"ಇವತ್ತು ಬೇಡ ಕಣೇ," ಎಂದಳು ಒಬ್ಬ ಮುದುಕಿ. "ಸಾವಿನ ಮನೆ. ಮೂರು ದಿನ ಕಳೀಲಿ."

"ಇವತ್ತು ಬುಧವಾರ. ನಾಳೆ ನಾಡಿದ್ದು ಓದಿಗೆ ರಜ," ಎಂದಳು ಚೌಸಿಕು. "ಆಮೇಲೆ ಶನಿವಾರ."

ಓದು ನಡೆದರೆ ಇಂದು, ಇಲ್ಲದಿದ್ದರೆ ಇನ್ನಿಲ್ಲ ಎಂದು ಎಲ್ಲರಿಗೂ ಅರ್ಥವಾಯಿತು. ಚೌಸಿಕು ಒಳಕೋಣೆಗೆ ಹೋಗಿ ಗೋಡೆಯಿಂದ ನಸೋರನ ಹಲಗೆ ಇಳಿಸಿದಳು. ಧೂಳು ಕೊಡವಿದಳೇ ಹೊರತು ಬಟ್ಟೆಯಿಂದ ಒರೆಸಲಿಲ್ಲ. ಮಸಿ ಮಾಸಿತ್ತು, ಆದರೆ ಓದಬಹುದಿತ್ತು. ಮೇಲೆ ತೌಸಿಯ ಹರೆಯದ ಕೈಬರಹ, ಕೆಳಗೆ ಮಗುವಿನ ದಪ್ಪ ಸೊಟ್ಟ ಅಕ್ಷರ.

"ಶೊಮಾರಿ ಅಣ್ಣ, ಒಂದು ಮೊಳೆ ಬೇಕು."

"ಎಲ್ಲಿಗೆ?"

ಅವಳು ಜಗಲಿಯ ಮುಂದಿನ ಕಂಬ ತೋರಿಸಿದಳು. ಬೀದಿಯ ಕಡೆಗೆ.

ಶೊಮಾರಿ ಹಲಗೆ ನೋಡಿದ, ಕಂಬ ನೋಡಿದ, ತನ್ನ ಕಾಲು ನೋಡಿಕೊಂಡ. ಆಮೇಲೆ ಚೀಲದಿಂದ ದೋಣಿಗೆ ಹೊಡೆಯುವ ಉದ್ದನೆಯ ಮೊಳೆ ತೆಗೆದ. ಸಾವಿನ ಮನೆಯಲ್ಲಿ ಸುತ್ತಿಗೆಯ ಸದ್ದು ಕೇಳಿ ಅಕ್ಕಪಕ್ಕದವರು ಹೊರಗೆ ಬಂದು ನೋಡಿದರು. ಅವನು ಯಾರ ಕಡೆಗೂ ತಿರುಗದೆ, ಒಂದೇ ಏಟಿಗೆ ಹೋಗುವ ಮೊಳೆಗೆ ಬೇಕೆಂದೇ ನಾಲ್ಕು ಏಟು ಹಾಕಿದ. "ಮದರಸಾಗೆ ಬೆಂಚು ಬಂದ್ರೇನಂತೆ," ಎಂದು ಕಂಬಕ್ಕೆ ಹೇಳಿದ, "ನನ್ನ ಮಗ ಇಲ್ಲೇ ಕೂರ್ತಾನೆ."

ಮಕ್ಕಳು ಕೂತರು. ಹುಡುಗಿಯರೆಲ್ಲ ಬಂದರು. ಹುಡುಗರಲ್ಲಿ ಕೆಲವರನ್ನು ಅಪ್ಪಂದಿರು ಬಿಟ್ಟಿರಲಿಲ್ಲ, ಉಳಿದವರು ಬಂದರು. ಚೌಸಿಕು ಬಾಣಲೆಯ ತಳದ ಮಸಿ ಕೆರೆದು ಅಂಟು ಸೇರಿಸಿ ಕಲಸಿದಳು. ಆಪು ಹುಲ್ಲಿನ ಲೇಖನಿ ಅದ್ದಿ ಮೊದಲ ಹಲಗೆಯ ಮೇಲೆ ಬರೆದಳು. ಒಂದು ಚುಕ್ಕೆ ಪಕ್ಕಕ್ಕೆ ಬಿತ್ತು. ಒರೆಸಿ ಮತ್ತೆ ಇಟ್ಟಳು. ಎರಡನೆಯ ಹಲಗೆಯಲ್ಲಿ ಒಂದು ಚುಕ್ಕೆಯೂ ತಪ್ಪಲಿಲ್ಲ. ಪಾಠ ಸಿಕ್ಕವರು ಓದಲು ಶುರು ಮಾಡಿದರು. ಒಬ್ಬರದು ಒಂದು ಪಾಠ, ಇನ್ನೊಬ್ಬರದು ಇನ್ನೊಂದು, ಎಲ್ಲ ಸೇರಿ ಜಗಲಿ ಎಂದಿನ ಹಾಗೆ ಗದ್ದಲವಾಯಿತು.

ಬಿಸಿಲು ಇಳಿದಾಗ ಮಗ್ರಿಬ್ ನಮಾಜಿಗೆ ಗಂಡಸರು ಬೀದಿ ಹಿಡಿದು ಬರತೊಡಗಿದರು. ಮುಂದೆ ಹಾಜಿ ನಸೋರ್. ಗದ್ದಲ ಕೇಳಿಯೇ ಅವರ ನಡಿಗೆ ಬಿರುಸಾಗಿತ್ತು. ಬೈಯುವುದಕ್ಕೆ ಬಾಯಿ ತೆರೆದುಕೊಂಡೇ ಜಗಲಿಯ ಮುಂದೆ ಬಂದರು. ಆಗ ಕಂಬದ ಮೇಲೆ ಕಣ್ಣು ಬಿತ್ತು.

ಗುರುತು ಹತ್ತುವುದಕ್ಕೆ ಒಂದು ಗಳಿಗೆ ಬೇಕಾಯಿತು. ಬೆರಳಲ್ಲಿ ತಸ್ಬಿಯ ಮಣಿ ನಿಂತಿತು. ಹಿಂದೆ ಬರುತ್ತಿದ್ದವರೂ ನಿಂತರು. ಮಕ್ಕಳು ಒಬ್ಬೊಬ್ಬರಾಗಿ ಸುಮ್ಮನಾದರು. ಹಾಜಿ ತಮ್ಮ ಸೊಟ್ಟ ಅಕ್ಷರಗಳನ್ನು ನೋಡುತ್ತಿದ್ದರು. ಅವರಿಗೆ ಗೊತ್ತಿತ್ತೋ ಇಲ್ಲವೋ, ತುಟಿ ಸಣ್ಣಗೆ ಅಲುಗತೊಡಗಿತ್ತು.

ಚೌಸಿಕು ಲೇಖನಿ ಕೆಳಗಿಟ್ಟಳು.

"ಕೇಳಿಸಲಿಲ್ಲ," ಎಂದಳು.

ಆ ದನಿ ಎಲ್ಲಿಂದ ಬಂತೆಂದು ಎಲ್ಲರೂ ತಿರುಗಿ ನೋಡಿದರು. ಬೇವಿನ ಮರದ ಕೆಳಗಿದ್ದವರಿಗೂ ಕೇಳಿತ್ತು, ಎದುರು ಮನೆಯ ಕಿಟಕಿಗೂ ಕೇಳಿತ್ತು. ಹಾಜಿ ತಲೆ ಎತ್ತಿದರು.

"ಬೀದಿಗೆ ಕೇಳಬೇಕು ಹಾಜಿ. ಮೊದಲಿನಿಂದ ಹೇಳಿ."

ಮಸೀದಿಯಲ್ಲಿ ಅಜಾನ್ ಇನ್ನೂ ಶುರುವಾಗಿರಲಿಲ್ಲ. ಹಾಜಿ ನಸೋರ್ ಬೀದಿಯ ನಡುವೆ ನಿಂತೇ ಇದ್ದರು, ಕೈಗಳು ತಾವಾಗಿ ಎದೆಯ ಮುಂದೆ ಕಟ್ಟಿಕೊಂಡಿದ್ದವು. ಹಿದಾಯಾ ಎದ್ದು ಒಳಗೆ ಹೋದಳು. ತಂಬಿಗೆಯಲ್ಲಿ ನೀರು ತುಂಬಿಕೊಂಡು ಬಂದು ಕಂಬದ ಬುಡದಲ್ಲಿ, ಅವರ ಹಲಗೆಯ ಕೆಳಗೆ ಇಟ್ಟು, ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕಾದಳು.